ನೀಲಿ ಪರದೆಯ ಮುಂದಿನ ಸೀಟು

ಹೈಮವತಿಯವರು ನನ್ನ ಮೊಮ್ಮಗಳನ್ನು ನನಗಿಂತ ಒಂದು ದಿನ ಮೊದಲು ನೋಡಿದರು. ನಾವಿಬ್ಬರೂ ಹೋದದ್ದು ಒಂದೇ ವಿಮಾನದಲ್ಲಿ. ಅವರು ನೀಲಿ ಪರದೆಯ ಮುಂದೆ ಕೂತಿದ್ದರು, ನಾನು ಹಿಂದೆ.

ನಮ್ಮೂರಿನಿಂದ ಬಂದರಿಗೆ ವಾರಕ್ಕೊಂದೇ ವಿಮಾನ, ಅದೂ ಸರ್ಕಾರದ್ದು. ಬುಧವಾರ ಬೆಳಗ್ಗೆ ಏಳುತ್ತದೆ. ಪರದೆಯ ಮುಂದೆ ಕೂತವರು ಬುಧವಾರ ಮಧ್ಯಾಹ್ನ ಬಂದರಿನಲ್ಲಿ ಇಳಿಯುತ್ತಾರೆ, ಹಿಂದೆ ಕೂತವರು ಗುರುವಾರ ಮಧ್ಯಾಹ್ನ. ಹಿಂದಿನವರಿಗೆ ಹೊತ್ತು ಹೆಚ್ಚಾಯಿತೆಂದೇನೂ ಅನ್ನಿಸುವುದಿಲ್ಲ. ಒಂದು ತೂಕಡಿಕೆ, ಒಂದು ಲೋಟ ತಣ್ಣಗಾದ ಕಾಫಿ, ಇಳಿದು ನೋಡಿದರೆ ಗುರುವಾರ. ನನಗೆ ತಿಳುವಳಿಕೆ ಬಂದಾಗಿನಿಂದಲೂ ಹೀಗೇ ಇದೆ. ಹೊರಗಿನಿಂದ ಬಂದವರು ಮೊದಲ ಸಲ ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ಆಮೇಲೆ ಮುಂದಿನ ಸೀಟಿನ ಬೆಲೆ ಕೇಳಿ ಇನ್ನೊಮ್ಮೆ ಹುಬ್ಬೇರಿಸುತ್ತಾರೆ. ಅಲ್ಲಿಗೆ ಅವರೂ ನಮ್ಮೂರಿನವರಾದ ಹಾಗೆ.

ಊರು ಇದಕ್ಕೆ ತಕ್ಕಂತೆ ತನ್ನ ನಡವಳಿಕೆಯನ್ನು ತಿದ್ದಿಕೊಂಡಿದೆ. ಸಾಮಾನುಗಳನ್ನೆಲ್ಲ ವಿಮಾನದ ಬಾಲದ ಕಡೆ ತುಂಬುವುದರಿಂದ ಮುಂದಿನವರ ಪೆಟ್ಟಿಗೆಗಳೂ ಗುರುವಾರವೇ ಇಳಿಯುತ್ತವೆ. ಹಾಗಾಗಿ ಎಂಥ ಶ್ರೀಮಂತರೂ ಒಂದು ಜೊತೆ ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ವಿಮಾನ ಹತ್ತುತ್ತಾರೆ. ಒಮ್ಮೆ ಹೊಸ ಮದುಮಕ್ಕಳಿಗೆ ಮುಂದೆ ಒಂದೇ ಸೀಟು ಸಿಕ್ಕಿ, ಗಂಡು ಮುಂದೆ ಕೂತು, ಹೆಣ್ಣು ಹಿಂದೆ ಕೂತು, ಆತ ಬಂದರಿನ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಒಂದಿಡೀ ದಿನ ಬಾಸಿಂಗ ಹಿಡಿದುಕೊಂಡು ಕಾದಿದ್ದ. ಆ ಹೆಣ್ಣು ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳಂತೆ. ಮುಂದೆ ಕೂತದ್ದು ಅವನ ತಪ್ಪಲ್ಲ, ನೀನು ಕೂರು ಎಂದು ಒಂದು ಮಾತು ಹೇಳಲಿಲ್ಲವಲ್ಲ ಎಂದು.

ಮುಂದಿನ ಸೀಟು ದುಡ್ಡಿಗೆ ತಕ್ಕದ್ದೋ ಅಲ್ಲವೋ ಎಂಬ ಚರ್ಚೆ ವಾಸಣ್ಣನ ಕಾಫಿ ಹೋಟೆಲಿನಲ್ಲಿ ಎಂದೂ ಮುಗಿದದ್ದಿಲ್ಲ. "ಒಂದಿನ ಮೊದ್ಲು ಹೋಗಿ ಮಾಡೋದೇನ್ರೀ? ಪೆಟ್ಟಿಗೆ ಇಲ್ದೆ ಒಂದೇ ಪಂಚೇಲಿ ಕೂತಿರೋದಾ?" ಎಂದು ದರ್ಜಿ ಯಲ್ಲಪ್ಪ ಕೇಳುತ್ತಿದ್ದ. "ಅಲ್ಲಯ್ಯ, ಇಡೀ ಒಂದು ದಿನಾನ ಮಾರೋ ಅಂಗಡಿ ಬೇರೆಲ್ಲಿ ನೋಡಿದೀಯ ನೀನು?" ಎಂದು ವಾಸಣ್ಣ ಗಲ್ಲಾದ ಹಿಂದಿನಿಂದ ಹೇಳುತ್ತಿದ್ದ. ಇಬ್ಬರೂ ಮುಂದೆ ಕೂತವರಲ್ಲ. ನಾನೂ ಬಹಳ ಕಾಲ ಯಲ್ಲಪ್ಪನ ಪಕ್ಷದವಳೇ ಆಗಿದ್ದೆ. ನನ್ನ ಮಗಳಿಗೆ ಮಗುವಾಗುವವರೆಗೆ.

ನಾನು ಮದುವೆ ಮುಂಜಿಗಳಿಗೆ ಪಾತ್ರೆ ಬಾಡಿಗೆಗೆ ಕೊಡುವವಳು. ಗಂಡ ಹೋದಾಗ ವಾರಿಜಾ ಇನ್ನೂ ತೊಟ್ಟಿಲಲ್ಲಿದ್ದಳು. ಕೊಪ್ಪರಿಗೆ, ತಪ್ಪಲೆ, ಅನ್ನ ಬಸಿಯುವ ಸಿಬ್ಬಲು, ಇವುಗಳ ನಡುವೆಯೇ ಅವಳನ್ನು ಬೆಳೆಸಿದೆ. ಬೆನ್ನಿಗೆ ಅವಳನ್ನು ಕಟ್ಟಿಕೊಂಡು ಗಾಡಿಗೆ ಪಾತ್ರೆ ಏರಿಸಿದ್ದೇನೆ. ಇದನ್ನು ನಾನು ಹೇಳದ ಮನೆಯಿಲ್ಲ. ಅವಳನ್ನು ಸುಣ್ಣದ ಗೂಡಿನ ಹೈಮವತಿಯವರ ಒಬ್ಬನೇ ಮಗ ಮೃತ್ಯುಂಜಯನಿಗೆ ಕೊಟ್ಟೆ. ಅವನಿಗೆ ಬಂದರಿನಲ್ಲಿ ಹೂಳೆತ್ತುವ ಹಡಗಿನ ಮೇಲೆ ಕೆಲಸ. ಬೀಗಿತಿಯೂ ನನ್ನ ಹಾಗೆ ಗಂಡ ಇಲ್ಲದವರು. ಆದರೆ ಅವರಿಗೆ ಉರಿಯುವ ಗೂಡುಗಳಿದ್ದವು, ಮಾತಾಡಿದರೆ ಎದ್ದು ನಿಲ್ಲುವ ಆಳುಗಳಿದ್ದರು, ಮುಂದಿನ ಸೀಟು ಇತ್ತು.

ಬಾಣಂತನಕ್ಕೆ ವಾರಿಜಾ ತವರಿಗೆ ಬರಬೇಕಿತ್ತು. ವಿಮಾನ ಹತ್ತುವುದು ಬೇಡ ಎಂದು ಬಂದರಿನ ಡಾಕ್ಟರು ಹೇಳಿದರು. ಹೆರಿಗೆಯ ಸುದ್ದಿ ಫೋನಿನಲ್ಲಿ ಬಂತು. ಬುಧವಾರ ನಾನೂ ಹೈಮವತಿಯವರೂ ವಿಮಾನ ಹತ್ತಿದೆವು. ನಾನು ಬಾಣಂತಿ ಕಾಡಿಗೆ, ಓಮು, ಹಳೆಯ ಮೆತ್ತನೆಯ ಸೀರೆಗಳ ಗಂಟಿನೊಂದಿಗೆ ಗುರುವಾರ ಆ ಮನೆಯ ಮಹಡಿ ಹತ್ತಿದಾಗ, ಹೊಸಿಲಿಗೆ ರಂಗೋಲಿ ಹಾಕಿತ್ತು, ಮನೆಯೆಲ್ಲ ಸಾಂಬ್ರಾಣಿ ಘಮಘಮಿಸುತ್ತಿತ್ತು, ವಾರಿಜಾ ತಲೆಗೆ ಬಟ್ಟೆ ಸುತ್ತಿಕೊಂಡು ನಗುತ್ತಾ ಕೂತಿದ್ದಳು. ಹೈಮವತಿಯವರು ಕಾಲು ನೀಡಿಕೊಂಡು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. "ಬನ್ನಿ ಬನ್ನಿ ಚೆನ್ನಾಜಮ್ಮ, ನೋಡಿ ನಿಮ್ಮ ಮೊಮ್ಮಗಳನ್ನ" ಎಂದರು, ಮನೆಗೆ ಬಂದ ಅತಿಥಿಗೆ ಹೇಳುವ ಹಾಗೆ. ನಾನು ನೋಡಿದೆ. ಆದರೆ ಅಷ್ಟರಲ್ಲಿ ಮಗುವಿನ ಮೂಗು, ಕಿವಿ, ಹಣೆ ಎಲ್ಲ ಅವರ ಮನೆತನಕ್ಕೆ ಹಂಚಿಹೋಗಿತ್ತು. ಮೂಗು ಅವರ ಯಜಮಾನರದ್ದು, ಕಿವಿ ಮೃತ್ಯುಂಜಯನದ್ದು, ಹಣೆ ಯಾರೋ ಸೋದರತ್ತೆಯದ್ದು. ನನ್ನ ಪಾಲಿಗೆ ಉಳಿದದ್ದು ಕಾಲಿನ ಕಿರುಬೆರಳು.

ಆಮೇಲೆ ಪ್ರತಿ ಸಲವೂ ಇದೇ. ಹೆಸರಿಡುವಾಗ ತೊಟ್ಟಿಲು ಕಟ್ಟಿ ಮುಗಿದಿತ್ತು. ಮಗು ಮಗುಚಿಕೊಂಡಿತು ಎಂದು ಹೋದರೆ ಹೈಮವತಿಯವರ ಮುಂದೆ ಆಗಲೇ ಹತ್ತಾರು ಸಲ ಮಗುಚಿಕೊಂಡು ಅದಕ್ಕೇ ಬೇಸರ ಬಂದಿತ್ತು. ಹಲ್ಲು ಬಂತು ಎಂದು ಹೋದರೆ "ನಿನ್ನೆ ನನ್ನ ಬೆರಳನ್ನ ಎಷ್ಟು ಜೋರಾಗಿ ಕಚ್ಚಿದ್ಲು ನೋಡಿ" ಎಂದು ಅವರು ಬೆರಳು ತೋರಿಸಿದರು. ನಿನ್ನೆ. ಆ ಪದವನ್ನು ಕೇಳಿದರೆ ನನ್ನ ಹೊಟ್ಟೆಯಲ್ಲಿ ಒಲೆ ಹಚ್ಚಿದ ಹಾಗಾಗುತ್ತಿತ್ತು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಹೋದ ಕೂಡಲೇ ಮಗುವನ್ನು ನನ್ನ ಕೈಗೆ ಕೊಟ್ಟು, "ಸುಸ್ತಾಗಿರ್ತೀರಿ, ಕಾಫಿ ತರ್ತೀನಿ" ಎಂದು ಅಡುಗೆಮನೆಗೆ ಹೋಗುತ್ತಿದ್ದರು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂದು ಪಟ್ಟವರಿಗೇ ಗೊತ್ತು. ಆ ಕಾಫಿ ಚೆನ್ನಾಗಿರುತ್ತಿತ್ತು, ಅದೂ ನನಗೆ ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ವಾರಿಜಾ ಫೋನು ಮಾಡಿ, "ಅಮ್ಮಾ, ಪುಟ್ಟಿ ಗೋಡೆ ಹಿಡ್ಕೊಂಡು ನಿಲ್ತಾಳೆ. ಇನ್ನೇನು ಇವತ್ತೋ ನಾಳೆಯೋ ಕೈ ಬಿಟ್ಟು ನಡೀತಾಳೆ" ಎಂದಳು. ನಾನು ಫೋನು ಇಟ್ಟವಳೇ ನೇರವಾಗಿ ಉಗ್ರಾಣಕ್ಕೆ ಹೋದೆ. ಅಲ್ಲಿ ನನ್ನ ದೊಡ್ಡ ತಾಮ್ರದ ಕೊಪ್ಪರಿಗೆ ಇತ್ತು. ಅದರಲ್ಲಿ ಪಾಯಸ ಕುದಿಯದ ಮದುವೆ ಮದುವೆಯೇ ಅಲ್ಲ ಎಂದು ಊರವರು ಹೇಳುತ್ತಿದ್ದರು. ಬಹಳ ದಿನಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದ ಅಡುಗೆಯ ರೇವಣ್ಣನನ್ನು ಕರೆಸಿದೆ. ಅವನು ಅದನ್ನು ಬಡಿದು ನೋಡಿ, ಒಳಗೆ ತಲೆ ಹಾಕಿ ನೋಡಿ, "ಯಾಕಮ್ಮಾ, ಏನಾದ್ರೂ ತಾಪತ್ರಯವಾ?" ಎಂದು ಕೇಳಿದ. "ವಿಮಾನದಲ್ಲಿ ಮುಂದೆ ಕೂರ್ಬೇಕು" ಎಂದೆ. ಅವನು ನನ್ನನ್ನು ಕೊಪ್ಪರಿಗೆಗಿಂತ ಹೆಚ್ಚು ಹೊತ್ತು ನೋಡಿದ.

ಟಿಕೆಟ್ ಕಚೇರಿಯ ಜೋಕಿಂ ಬಳಿ ಮುಂದಿನ ಸೀಟು ಒಂದೇ ಒಂದು ಉಳಿದಿತ್ತು. ಉಳಿದವನ್ನೆಲ್ಲ ಯಾವುದೋ ನಾಟಕದ ಕಂಪನಿಯವರು ಹಿಡಿದಿದ್ದರು. "ಹೈಮವತಿಯಮ್ಮೋರು ಇನ್ನೂ ಬಂದಿಲ್ಲ. ಅವರಿಗೆ ಅಂತ..." ಎಂದು ಜೋಕಿಂ ತಲೆ ಕೆರೆದುಕೊಂಡ. "ಅವರಿಗೆ ಅಂತ ಬರೆದಿದೆಯಾ ಸೀಟಿನ ಮೇಲೆ?" ಎಂದೆ. ಬರೆದಿರಲಿಲ್ಲ. ದುಡ್ಡು ಕೊಟ್ಟು ಟಿಕೆಟ್ಟನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಗೆ ಬಂದೆ. ಅಂಥ ಸಂತೋಷ ನನಗೆ ಮದುವೆಯಾದಾಗಲೂ ಆಗಿರಲಿಲ್ಲ.

ಬುಧವಾರ ವಿಮಾನ ನಿಲ್ದಾಣದಲ್ಲಿ ಹೈಮವತಿಯವರು ಗಾಬರಿಯಾಗಿದ್ದರು. ಜೋಕಿಂ ಜೊತೆ ಏನೋ ಮಾತಾಡಿ, ಆ ಕಡೆ ಈ ಕಡೆ ನೋಡಿ, ಕೊನೆಗೆ ನನ್ನನ್ನು ಕಂಡು ಹತ್ತಿರ ಬಂದರು. "ಚೆನ್ನಾಜಮ್ಮ, ಇವತ್ತು ಮುಂದೆ ನೀವು ಕೂತ್ಕೋತೀರಂತೆ."

"ಹೌದು. ಒಂದ್ಸಲ ನೋಡೋಣ ಅಂತ."

"ಅದು... ನೀವು ಮೊದ್ಲು ಹೋದ್ರೆ..." ಎಂದು ಅವರು ತಡವರಿಸಿದರು. ಒಮ್ಮೆ ನನ್ನ ಕೈ ಹಿಡಿದರು, ಬಿಟ್ಟರು. "ನನಗೆ ಬದಲಾಯಿಸಿ ಕೊಡ್ತೀರಾ? ದುಡ್ಡು ಬೇಕಾದ್ರೆ..."

"ದುಡ್ಡಿನ ಮಾತು ಬೇಡ ಹೈಮವತಿಯವರೇ" ಎಂದೆ. ಇಷ್ಟು ದಿನ ಒಳಗೆ ಕುದಿದದ್ದೆಲ್ಲ ಆ ಒಂದು ಮಾತಿನಲ್ಲಿ ಆವಿಯಾಗಿ ಹೊರಗೆ ಹೋಯಿತು. ಅವರ ಮುಖ ಸಣ್ಣದಾಯಿತು. ಅದು ನನಗೆ ಚೆನ್ನಾಗಿ ಕಂಡಿತು. "ಆಗ್ಲಿ, ಹೋಗಿ ಬನ್ನಿ. ಅಲ್ಲಿ ಹೇಗಿದ್ರೂ ಸ್ವಲ್ಪ ತಡ್ಕೊಳ್ಳಿ" ಎಂದು ಅವರು ಪರದೆಯ ಹಿಂದೆ ಹೋದರು. ತಡೆದುಕೊಳ್ಳುವುದು ಏನನ್ನು ಎಂದು ನಾನು ಕೇಳಲಿಲ್ಲ. ಸೋತವರು ಏನಾದರೂ ಹೇಳಿಯೇ ಹೇಳುತ್ತಾರೆ ಎಂದುಕೊಂಡೆ.

ಮುಂದಿನ ಸೀಟಿನ ವಿಷಯ ಹೇಳಲೇಬೇಕು, ಯಾಕೆಂದರೆ ಊರಿನವರೆಲ್ಲ ಅದನ್ನೇ ಕೇಳುತ್ತಾರೆ. ಸೀಟು ಅಗಲವಾಗಿದೆ, ನಿಜ. ನನ್ನಂಥವರು ಇಬ್ಬರು ಕೂರಬಹುದು. ಹಿಂದಕ್ಕೆ ಒರಗಿಸಲು ಪಕ್ಕದಲ್ಲಿ ಒಂದು ಗುಂಡಿ ಇದೆ. ನನ್ನದು ಅರ್ಧ ಒರಗಿ ಅಲ್ಲಿಯೇ ನಿಂತಿತು, ಆಮೇಲೆ ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಕೂತವಳ ಹಾಗೆ ಬಂದರಿನವರೆಗೂ ಹಾಗೇ ಕೂತಿದ್ದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲು ಕೊಟ್ಟರು. ಅದರಿಂದ ಏನು ಮಾಡಬೇಕೆಂದು ತಿಳಿಯದೆ ಪಕ್ಕದ ನಾಟಕದವನನ್ನು ನೋಡಿದೆ. ಅವನು ಮುಖ ಒರೆಸಿಕೊಂಡ, ಬಣ್ಣ ಸ್ವಲ್ಪ ಬಂತು. ನಾನೂ ಒರೆಸಿಕೊಂಡೆ. ಪಿಂಗಾಣಿ ತಟ್ಟೆಯಲ್ಲಿ ಪುಳಿಯೋಗರೆ, ಮೊಸರನ್ನ, ಒಂದು ತುಂಡು ಮೈಸೂರುಪಾಕು. ಪುಳಿಯೋಗರೆಗೆ ಎಣ್ಣೆ ಸಾಲದು. ಆದರೆ ಸ್ಟೀಲಿನ ಚಮಚೆ ಭಾರವಾಗಿತ್ತು, ಪಾತ್ರೆಯವಳಾಗಿ ಅದನ್ನು ಮೆಚ್ಚಿಕೊಂಡೆ. ಬಡಿಸಿದ ಗಗನಸಖಿ ನನ್ನಷ್ಟೇ ವಯಸ್ಸಿನವಳು, ಮಂಡಿನೋವಿನವಳು. "ಇನ್ನೇನಾದ್ರೂ ಬೇಕಾಮ್ಮ?" ಎಂದು ಅವಳು ಕೇಳಿದಾಗ, ಯಾರಾದರೂ ನನಗೆ ಬಡಿಸಿ ಇನ್ನೇನು ಬೇಕು ಎಂದು ಕೇಳಿದ್ದು ಯಾವಾಗ ಎಂದು ಯೋಚಿಸಿದೆ. ಹೈಮವತಿಯವರ ಕಾಫಿ ನೆನಪಾಯಿತು. ತಕ್ಷಣ ಬೇರೆ ಯೋಚನೆ ಮಾಡಿದೆ. ಪರದೆ ಒಮ್ಮೆ ಗಾಳಿಗೆ ಅಲುಗಿದಾಗ ಹಿಂದಿನಿಂದ ಯಾರೋ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಆಮೇಲೆ ಆ ಕಡೆಯ ಸದ್ದೇ ನಿಂತುಹೋಯಿತು.

ಬಂದರಿನಲ್ಲಿ ಇಳಿದಾಗ ಬುಧವಾರದ ಬಿಸಿಲು. ನನಗೆ ಆ ಊರಿನ ಬುಧವಾರ ಗೊತ್ತೇ ಇರಲಿಲ್ಲ. ನಾನು ಕಂಡದ್ದೆಲ್ಲ ಗುರುವಾರದ ಬಂದರು. ಕಂಕುಳಲ್ಲಿ ಒಂದು ಸೀರೆ, ಕೈಯಲ್ಲಿ ಮಗುವಿಗೆಂದು ತಂದ ಗೆಜ್ಜೆ. ಗೆಜ್ಜೆಯನ್ನು ಪೆಟ್ಟಿಗೆಯಲ್ಲಿ ಹಾಕಿರಲಿಲ್ಲ, ಇವತ್ತೇ ಕಟ್ಟಬೇಕೆಂದು. ಮಹಡಿಯ ಮೆಟ್ಟಿಲು ಹತ್ತುವಾಗ, ನಾಳೆ ಹೈಮವತಿಯವರು ಬರುವ ಹೊತ್ತಿಗೆ ಮಗು ಗೆಜ್ಜೆ ಕಟ್ಟಿಕೊಂಡು ಮನೆಯೆಲ್ಲ ನಡೆದಾಡಿರುತ್ತದೆ, "ನಿನ್ನೆ ನೋಡಬೇಕಿತ್ತು ನೀವು" ಎಂದು ಹೇಳುತ್ತೇನೆ, ಎಂದು ಮಾತನ್ನು ಮನಸ್ಸಿನಲ್ಲೇ ಅಣಿಮಾಡಿಕೊಂಡೆ. ಹೊಸಿಲ ಮೇಲೆ ರಂಗೋಲಿ ಇರಲಿಲ್ಲ.

ವಾರಿಜಾ ಬಾಗಿಲು ತೆಗೆದಳು. ತಲೆಕೂದಲು ಹರಡಿಕೊಂಡಿತ್ತು, ರವಿಕೆಯ ಮೇಲೆ ಹಾಲಿನ ಕಲೆ, ಕಣ್ಣು ಊದಿಕೊಂಡಿತ್ತು. ನನ್ನನ್ನು ನೋಡಿ ಅವಳ ಮುಖದ ಬಣ್ಣ ಇಳಿಯಿತು. "ಅಮ್ಮಾ? ಇವತ್ತು ಬುಧವಾರ ಅಲ್ವಾ?"

"ಬುಧವಾರವೇ ಕಣೆ. ಮುಂದೆ ಕೂತ್ಕೊಂಡು ಬಂದೆ."

"ಅತ್ತೆ ಎಲ್ಲಿ?"

"ನಾಳೆ ಬರ್ತಾರೆ."

"ನಾಳೇನಾ?" ಎಂದಳು. ಆ ದನಿಯನ್ನು ಕೇಳಿದ್ದರೆ ಯಾವ ತಾಯಿಗೂ ಗೊತ್ತಾಗುತ್ತಿತ್ತು. ನೀರು ಬರುತ್ತದೆ ಎಂದು ಕೊಡ ಹಿಡಿದು ನಿಂತವಳಿಗೆ ಇವತ್ತು ನಲ್ಲಿ ಬರುವುದಿಲ್ಲ ಎಂದರೆ ಹೇಗೋ, ಹಾಗೆ. ಮರುಕ್ಷಣವೇ ನಕ್ಕಳು. ಪ್ರತಿ ಗುರುವಾರ ನಾನು ನೋಡುತ್ತಿದ್ದ ಅದೇ ನಗು. "ಒಂದ್ನಿಮಿಷ ಅಮ್ಮ, ಅಲ್ಲೇ ಇರು" ಎಂದು ಬಾಗಿಲನ್ನು ಮುಚ್ಚಿದಳು.

ಮಗಳ ಮನೆಯ ಮುಚ್ಚಿದ ಬಾಗಿಲ ಮುಂದೆ ಗೆಜ್ಜೆ ಹಿಡಿದು ನಿಂತೆ. ಒಳಗೆ ಪಾತ್ರೆಗಳನ್ನು ದಡದಡ ದೂಡುವ ಸದ್ದು, ಏನನ್ನೋ ಎಳೆಯುವ ಸದ್ದು, ಮಗುವಿನ ಅಳು, "ಶ್ ಶ್, ಅಜ್ಜಿ ಬಂದಿದಾಳೆ, ಸುಮ್ನಿರು" ಎಂಬ ಅವಳ ದನಿ. ಪಾತ್ರೆಯ ಸದ್ದು ಕೇಳಿಯೇ ಅದು ತೊಳೆದದ್ದೋ ತೊಳೆಯದ್ದೋ ಹೇಳುವವಳು ನಾನು. ಅಲ್ಲಿ ತೊಳೆದ ಪಾತ್ರೆ ಒಂದೂ ಇರಲಿಲ್ಲ.

ಬಾಗಿಲು ತೆಗೆದಾಗ ಅವಳು ಜಡೆ ಹಾಕಿಕೊಂಡು ಸೀರೆ ಬದಲಾಯಿಸಿದ್ದಳು. "ಬಾ ಅಮ್ಮ, ಕಾಫಿ ಮಾಡ್ತೀನಿ" ಎಂದಳು. ಹಾಲು ಇರಲಿಲ್ಲ. ಒಲೆಯ ಮೇಲೆ ಉಕ್ಕಿ ಸೀದುಹೋಗಿತ್ತು. ಮೂಲೆಯಲ್ಲಿ ಏನನ್ನೋ ಹೊದಿಕೆ ಎಳೆದು ಮುಚ್ಚಿದ್ದಳು, ಅದರ ಕೆಳಗೆ ಒದ್ದೆ ಬಟ್ಟೆಯ ರಾಶಿ ಎಂದು ವಾಸನೆಯೇ ಹೇಳುತ್ತಿತ್ತು. ಮೃತ್ಯುಂಜಯ ಹಡಗಿನ ಮೇಲೆ ಹೋಗಿ ಬಹಳ ದಿನವಾಗಿತ್ತು. ನಾನು ಸೆರಗು ಸಿಕ್ಕಿಸಿ ಪಾತ್ರೆಗೆ ಕೈ ಹಾಕಿದರೆ "ಬೇಡಮ್ಮ, ನೀನು ಕೂತ್ಕೋ, ಈಗಷ್ಟೇ ಬಂದಿದೀಯ" ಎಂದು ಕಸಿದುಕೊಂಡಳು. ಬಟ್ಟೆಗೆ ಕೈ ಹಾಕಿದರೂ ಹಾಗೆಯೇ. ಆ ದಿನವೆಲ್ಲ ನನ್ನ ಮಗಳು ನನಗೆ ಉಪಚಾರ ಮಾಡಿದಳು. ಗೋಡೆಗೆ ಒರಗಿಕೊಂಡೇ ನನಗೆಂದು ಒಗ್ಗರಣೆ ಹಾಕಿದಳು, ನಗೆಮಾತು ಆಡಿದಳು, ನಡುನಡುವೆ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ಬರುತ್ತಿರಲಿಲ್ಲ. ಮಗು ಗೋಡೆ ಹಿಡಿದು ನಿಂತಿತು, ಕೂತಿತು, ನಿಂತಿತು. ಗೆಜ್ಜೆ ಕಟ್ಟಿದರೆ ಕಿತ್ತು ಬಾಯಿಗೆ ಇಟ್ಟುಕೊಂಡಿತು. ನಡೆಯಲಿಲ್ಲ.

"ಏನಾಗಿದೆ ಹೇಳು" ಎಂದು ಸಂಜೆ ಕೇಳಿದೆ. "ಏನಿಲ್ಲಮ್ಮ, ನಿದ್ದೆ ಸಾಲ್ದು ಅಷ್ಟೆ. ನೀನು ನನ್ನ ಬೆನ್ನಿಗೆ ಕಟ್ಕೊಂಡು ಗಾಡಿ ತುಂಬ್ಲಿಲ್ವಾ? ನನಗೇನಾಗಿದೆ ಧಾಡಿ, ಮನೇಲೇ ಕೂತಿದೀನಿ" ಎಂದಳು. ಆ ಕಥೆಯನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ನಾನು ಹೇಳುವಾಗ ಅದು ಬೇರೆ ಥರ ಇರುತ್ತಿತ್ತು.

ಗುರುವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಹೈಮವತಿಯವರ ಏದುಸಿರು ಕೇಳಿಸಿತು. ಹಿಂದಿನ ಸೀಟಿನಲ್ಲಿ ಕೂತು ಅವರ ಕಾಲು ಊದಿಕೊಂಡಿತ್ತು, ಮುಖ ಕಪ್ಪಿಟ್ಟಿತ್ತು. ಅಣಿಮಾಡಿಕೊಂಡಿದ್ದ ಮಾತು ನನ್ನ ಬಾಯಿಗೆ ಬರುವ ಮೊದಲೇ ವಾರಿಜಾ ನನ್ನನ್ನು ದಾಟಿಕೊಂಡು ಹೋದಳು. ಅವರು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಅವರ ಹೆಗಲ ಮೇಲೆ ತಲೆಯಿಟ್ಟು "ಯಾಕತ್ತೆ ನಿನ್ನೆ ಬರ್ಲಿಲ್ಲ ನೀವು, ಯಾಕೆ ಬರ್ಲಿಲ್ಲ" ಎಂದು ಗೋಳೋ ಎಂದು ಅತ್ತಳು. ಹೈಮವತಿಯವರು ಅವಳ ಜಡೆಯನ್ನು ಬಿಚ್ಚಿ, ಬೆರಳಿನಿಂದ ಕೂದಲು ಬಿಡಿಸುತ್ತಾ ನಿಂತರು. ಬಹಳ ಸಲ ಮಾಡಿ ರೂಢಿಯಾದ ಕೈ ಅದು. ನನ್ನ ಮಗಳು ಹಾಗೆ ಅತ್ತದ್ದನ್ನು ನಾನು ಅವಳ ಬಾಲ್ಯದಲ್ಲಿಯೂ ನೋಡಿರಲಿಲ್ಲ. ಮೂಗು, ಕಿವಿ, ಹಣೆ, ಹಲ್ಲು ಎಂದು ನಾನು ಇಷ್ಟು ದಿನ ಕಣ್ಣಿಟ್ಟಿದ್ದು ಎಂಥ ಚಿಲ್ಲರೆ ಸಾಮಾನಿನ ಮೇಲೆ! ನಿಜವಾದ ಗಂಟನ್ನು ಆಕೆ ಪ್ರತಿ ಬುಧವಾರ ಎತ್ತಿಕೊಂಡು ಹೋಗಿದ್ದರು. ಅವಳ ಅಳು ಅವರದಾಗಿತ್ತು, ನನ್ನ ಪಾಲಿಗೆ ಬಂದದ್ದು ಬರೀ ಅವಳ ನಗು. ಹೊಟ್ಟೆಕಿಚ್ಚು ಎಂದರೇನೆಂದು ನನಗೆ ಗೊತ್ತಾದದ್ದು ಆಗ. ಅದಕ್ಕೆ ಮುಂಚಿನದು ಬರೀ ಹೊಗೆ.

ನಾನು ಅವರಿಬ್ಬರನ್ನೇ ನೋಡುತ್ತಾ ನಿಂತಿದ್ದೆ. ಏನೋ ಎಳೆದ ಹಾಗಾಗಿ ವಾರಿಜಾ ಕೆಳಗೆ ನೋಡಿದಳು. ಮಗು ಅವಳ ಸೀರೆಯ ನೆರಿಗೆ ಹಿಡಿದು ನಿಂತಿತ್ತು. ಗೋಡೆ ಎಲ್ಲಿ, ಬಾಗಿಲೆಲ್ಲಿ! ನಡುವೆ ಹಿಡಿದುಕೊಳ್ಳಲು ಒಂದು ಸ್ಟೂಲು ಕೂಡ ಇರಲಿಲ್ಲ. ತಾಯಿ ಅಳುವುದನ್ನು ಕೇಳಿ ಅದು ನಡೆದುಕೊಂಡು ಬಂದಿತ್ತು. ಅದರ ಮೊದಲ ಹೆಜ್ಜೆಯನ್ನು ನಮ್ಮ ಮೂವರಲ್ಲಿ ಒಬ್ಬರೂ ನೋಡಲಿಲ್ಲ.

ವಾರಿಜಾ ಮಗುವನ್ನು ತಬ್ಬಿಕೊಂಡು ನಿದ್ದೆ ಹೋದ ಮೇಲೆ ನಾವಿಬ್ಬರೂ ಅಡುಗೆಮನೆಗೆ ಹೋದೆವು. ಅವರು ಪಾತ್ರೆ ತಿಕ್ಕಿದರು, ನಾನು ತೊಳೆದೆ. ಅವರು ತಿಕ್ಕುವುದು ಸರಿಯಿರಲಿಲ್ಲ, ತಳದಲ್ಲಿ ಮಸಿ ಬಿಡುತ್ತಿದ್ದರು. ನಾನು ಅವನ್ನು ಹಿಂದಕ್ಕೆ ಕೊಡುತ್ತಿದ್ದೆ, ಅವರು ಮತ್ತೆ ತಿಕ್ಕುತ್ತಿದ್ದರು.

"ಮೊದಲಿಂದ್ಲೂ ಹೀಗೇನಾ?" ಎಂದು ಕೇಳಿದೆ.

"ಹೆತ್ತ ವಾರದಿಂದ್ಲೇ. ಡಾಕ್ಟರಿಗೂ ತೋರ್ಸಿದೀನಿ, ಮಾತ್ರೆ ಕೊಟ್ಟಿದಾರೆ. ಕೆಲವರಿಗೆ ಹೀಗಾಗುತ್ತಂತೆ, ನಿಧಾನಕ್ಕೆ ಸರಿಹೋಗುತ್ತಂತೆ. ಈಗ ಎಷ್ಟೋ ವಾಸಿ."

"ನನಗೆ ಯಾಕೆ ಹೇಳ್ಲಿಲ್ಲ?"

"ಅವಳು ಆಣೆ ಹಾಕಿಸ್ಕೊಂಡಿದ್ಲು. ಅಮ್ಮ ಬರೋ ಅಷ್ಟ್ರಲ್ಲಿ ಮನೆ ಸರಿಮಾಡಿ ಅತ್ತೆ, ಅಮ್ಮ ನೋಡ್ಬಾರ್ದು ಅಂತ. ಅದಕ್ಕೇ ನಾನು ಮುಂದೆ ಬರ್ತಿದ್ದೆ. ಒಂದಿನ ಸಿಕ್ರೆ ಗುಡಿಸಿ, ತೊಳೆದು, ಅವಳಿಗೆ ನೀರು ಹಾಕಿ, ರಂಗೋಲಿ ಹಾಕೋ ಹೊತ್ತಿಗೆ ಸರಿಹೋಗೋದು."

"ರಂಗೋಲಿ ನಿಮ್ಮದಾ?"

"ಅವಳಿಗೆಲ್ಲಿ ಬರ್ಬೇಕು ಸುರುಳಿ ರಂಗೋಲಿ" ಎಂದು ಅವರು ನಕ್ಕರು. ಆಮೇಲೆ ತಿಕ್ಕುವ ಕೈ ನಿಲ್ಲಿಸಿ ಹೇಳಿದರು: "ನಿಜ ಹೇಳ್ಲಾ ಚೆನ್ನಾಜಮ್ಮ? ನನಗೆ ನಿಮ್ಮನ್ನ ಕಂಡ್ರೆ ಹೊಟ್ಟೆ ಉರೀತಿತ್ತು. ನಾನು ಬಂದಾಗ ಯಾವತ್ತೂ ಅವಳು ನಕ್ಕಿದ್ದಿಲ್ಲ. ನಿಮಗೆ ಅಂತ ಮುಖ ತೊಳ್ಕೊಂಡು, ಹೂ ಮುಡ್ಕೊಂಡು ಕೂರೋಳು. ಬಾಗಿಲಲ್ಲಿ ನೀವು ಕಾಣಿಸ್ಕೊಂಡ್ರೆ ಎಂಥ ನಗು! ನನಗೊಂದ್ಸಲನಾದ್ರೂ ಹಾಗೆ ನಕ್ಕು ಬಾಗಿಲು ತೆಗೀಬಾರ್ದಾ ಅನ್ನಿಸ್ತಿತ್ತು."

ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು, ಸ್ವಲ್ಪ ಬಂತು ಕೂಡ. ಆದರೆ ಕೈಯಲ್ಲಿದ್ದ ತಪ್ಪಲೆಯನ್ನು ಒರೆಸಿ ಬೋರಲು ಹಾಕುವಾಗ ನನ್ನ ಮನಸ್ಸು ಹೇಳುತ್ತಿದ್ದುದು ಇಷ್ಟೇ: ನಗು ನೀವು ತೆಗೆದುಕೊಳ್ಳಿ, ಆ ಬುಧವಾರವನ್ನು ನನಗೆ ಕೊಡಿ.

ಊರಿಗೆ ಬಂದ ಮೇಲೆ ವಾಸಣ್ಣ ಹೋಟೆಲಿನ ಬಾಗಿಲಿಗೇ ಬಂದು ಕೇಳಿದ. "ಹೇಗಿತ್ತಮ್ಮ ಮುಂದಿನ ಸೀಟು? ದುಡ್ಡಿಗೆ ಮೋಸ ಇಲ್ವಾ?" ಯಲ್ಲಪ್ಪ ಸೂಜಿ ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದ. "ಸೀಟು ಅರ್ಧಕ್ಕೇ ನಿಲ್ಲುತ್ತೆ. ಪುಳಿಯೋಗರೆಗೆ ಎಣ್ಣೆ ಸಾಲ್ದು. ಬಿಸಿ ಟವೆಲು ಕೊಡ್ತಾರೆ" ಎಂದೆ. "ನಾನು ಹೇಳ್ಲಿಲ್ವಾ!" ಎಂದು ಯಲ್ಲಪ್ಪ ಗೆದ್ದವನ ಹಾಗೆ ತೊಡೆ ತಟ್ಟಿದ. ಅವನು ಅತ್ತ ತಿರುಗುವುದರೊಳಗೆ ನಾನು ರೇವಣ್ಣನ ಮನೆಯ ದಾರಿ ಹಿಡಿದಿದ್ದೆ. ಈ ಸಲ ಹೋದದ್ದು ಹಿತ್ತಾಳೆಯ ದೊಡ್ಡ ತಪ್ಪಲೆಗಳು. ಊರಿನ ಮದುವೆಗಳು ಇನ್ನು ಮೇಲೆ ಚಿಕ್ಕವಾಗಲಿ ಎಂದುಕೊಂಡೆ.

ಹೈಮವತಿಯವರಿಗೆ ನಾನೇ ಹೋಗಿ ಹೇಳಿದೆ. "ಈ ಸಲ ನೀವು ಹಿಂದೆ ಕೂತ್ಕೊಳ್ಳಿ." ಅವರು ಮುಖ ಬಿಗಿದುಕೊಂಡರು. ಬುಧವಾರ ಬಿಟ್ಟುಕೊಡಲು ಅವರಿಗೂ ಮನಸ್ಸಿರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. "ನಿಮ್ಮ ಹತ್ರ ಅವಳು ಬಾಯಿ ಬಿಡಲ್ಲ" ಎಂದರು. "ಬಿಡದಿದ್ರೆ ಬಿಡ್ಲಿ, ಪಾತ್ರೆನಾದ್ರೂ ತೊಳೀತೀನಿ" ಎಂದೆ. ಕೊನೆಗೆ ಅವರೇ, ಮಾತ್ರೆ ಯಾವಾಗ ಕೊಡಬೇಕು, ತಲೆಗೆ ಯಾವ ಎಣ್ಣೆ, ಬಚ್ಚಲಿಗೆ ಹೋಗಿ ತಡವಾದರೆ ಬಾಗಿಲು ತಟ್ಟದೆ ಹೊರಗೆ ನಿಂತು ಹಾಡಿಕೊಳ್ಳಬೇಕು, ಎಲ್ಲವನ್ನೂ ಹೇಳಿಕೊಟ್ಟರು. ಯಾವ ಹಾಡು ಎಂದು ನಾನು ಕೇಳಲಿಲ್ಲ. ಹಾಡು ನನ್ನದೇ ಇರಲಿ.

ಬುಧವಾರ ಮೆಟ್ಟಿಲು ಹತ್ತಿದೆ. ಬಾಗಿಲು ತಟ್ಟಿದೆ. ಮತ್ತೆ ನಕ್ಕು, ಒಂದು ನಿಮಿಷ ಎಂದು ಬಾಗಿಲು ಹಾಕಿಕೊಂಡರೆ ಏನು ಮಾಡುವುದು? ಬಾಗಿಲು ತೆರೆಯಿತು. ವಾರಿಜಾ ನನ್ನನ್ನು ನೋಡಿದಳು. ಕೂದಲು ಕೆದರಿತ್ತು, ಸೀರೆ ಜಾರಿತ್ತು. ಅವಳ ತುಟಿಯ ಅಂಚಿನಲ್ಲಿ ಆ ನಗು ಎದ್ದಿತು, ಎದ್ದು ಅಲ್ಲಿಯೇ ಸ್ವಲ್ಪ ಹೊತ್ತು ನಡುಗಿತು, ಕೊನೆಗೆ ಅದನ್ನು ಬೀಳಲು ಬಿಟ್ಟಳು. ಬಾ ಎಂದೂ ಅನ್ನಲಿಲ್ಲ. ಅರಚುತ್ತಿದ್ದ ಮಗುವನ್ನು, ಅದರ ಒದ್ದೆ ಬಟ್ಟೆಯ ಸಮೇತ ನನ್ನ ಕೈಗೆ ತುರುಕಿ, ಬಾಗಿಲನ್ನು ಹಾಗೇ ತೆರೆದಿಟ್ಟು, ಒಳಗೆ ಹೋಗಿ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ನಾನು ಹೋಗಿ ಅವಳ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಅವಳ ಬೆನ್ನು ಅಲುಗತೊಡಗಿತು. ಮಗುವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯನ್ನು ಅವಳ ಬೆನ್ನ ಮೇಲೆ ಇಟ್ಟೆ. ಅವಳು ಕೈಯನ್ನು ಕೊಡವಲಿಲ್ಲ. ಅತ್ತು ಅತ್ತು, ಅಳು ಸಣ್ಣದಾಗಿ, ಉಸಿರು ಉದ್ದವಾಗಿ, ನನ್ನ ತೊಡೆಗೆ ಒತ್ತಿಕೊಂಡು ನಿದ್ದೆ ಹೋದಳು.

ಅಡುಗೆಮನೆಯ ಪಾತ್ರೆ ಕಾಯುತ್ತಿತ್ತು, ಬಟ್ಟೆ ಕಾಯುತ್ತಿತ್ತು. ಏಳಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಹಾಲಿನವಳು ಕೂಗಿದಳು: "ಹೈಮವತಮ್ಮಾ, ಬಂದ್ರಾ? ಹಾಲೆಷ್ಟು ಬೇಕು?"

ಮಗುವನ್ನು ಹೆಗಲಿಗೆ ಹಾಕಿಕೊಂಡು, ಸದ್ದಾಗದ ಹಾಗೆ ಎದ್ದು ಕಿಟಕಿಗೆ ಹೋದೆ. ನನ್ನ ಮುಖ ಚೆನ್ನಾಗಿ ಕಾಣಲಿ ಎಂದು ಹೊರಗೆ ಬಾಗಿದೆ.

"ಅವರು ನಾಳೆ ಬರ್ತಾರೆ" ಎಂದೆ. "ಇವತ್ತು ನಾನಿದ್ದೀನಿ. ಮೆಲ್ಲಗೆ ಮಾತಾಡು, ನನ್ನ ಮಗಳು ಮಲಗಿದಾಳೆ."